ದೂರದ ವಿಮಾನ ಹತ್ತುವವರಿಗೆ ಬೇಕರಿಯವನ ಬುದ್ಧಿಮಾತು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರೇ, ಬೆಳಗಿನಿಂದ ಒಂದು ಕಡೆ ಕೂರದೆ ಓಡಾಡುತ್ತಿರುವ ಕಾರ್ಯದರ್ಶಿಗಳೇ, ಆಸ್ಪತ್ರೆ ನೌಕರರ ಸಂಘದ ಹಿರಿಯರೇ, ಕಿರಿಯರೇ, ಮುಂದಿನ ಸಾಲನ್ನು ಗಣ್ಯರಿಗೆ ಬಿಟ್ಟುಕೊಟ್ಟು ಫ್ಯಾನಿನ ಕೆಳಗಿನ ಕುರ್ಚಿಗಳನ್ನೆಲ್ಲ ಹಿಡಿದಿರುವ ಜಾಣ ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ ಗೋಡೆಯ ಪಕ್ಕ ಕೂತು, ನಾನು ಬಾಯಿ ತೆರೆಯುವ ಮೊದಲೇ ಹಣೆ ಒತ್ತಿಕೊಳ್ಳುತ್ತಿರುವ ನಮ್ಮ ಮನೆಯವರೇ, ಎಲ್ಲರಿಗೂ ನನ್ನ ವಂದನೆಗಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಭಾಷಣಕಾರನಲ್ಲ. ಹೀಗೆ ಶುರುಮಾಡಿದವರೇ ಹೆಚ್ಚು ಹೊತ್ತು ಕೊರೆಯುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಏನು ಮಾಡುವುದು? ಕಾರ್ಯದರ್ಶಿಗಳು ಬಿಡಲಿಲ್ಲ. "ನೀವು ಹೋದ ವರ್ಷ ಯುರೋಪ್ ನೋಡ್ಕೊಂಡು ಬಂದವರು. ನಮ್ಮವರು ಮುಂದಿನ ತಿಂಗಳು ಅಲ್ಲಿಗೇ ಹೊರಟಿದಾರೆ. ನಾಲ್ಕು ಮಾತು ಹೇಳಿ ಸಾರ್, ಉಪಯೋಗ ಆಗುತ್ತೆ" ಎಂದರು. ನಾನು ಈ ಸಂಘದ ಸದಸ್ಯನಲ್ಲ. ಈ ಆಸ್ಪತ್ರೆಯಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ನಾನು ಬೇಕರಿಯವನು. ನಿಮ್ಮ ರೋಗಿಗಳು ಬೆಳಿಗ್ಗೆ ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ ಬ್ರೆಡ್ಡನ್ನು ಬೇಯಿಸುತ್ತಿದ್ದವನು. ಈ ವೇದಿಕೆ ಹತ್ತಲು ನನಗಿರುವ ದೊಡ್ಡ ಅರ್ಹತೆ ಏನೆಂದರೆ, ಮೂವತ್ತು ವರ್ಷ ನಿಮ್ಮ ಲಾಂಡ್ರಿಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ ಹೆಂಗಸಿನ ಗಂಡ ನಾನು. ಅವರ ಕೈಯಲ್ಲಿ ಬೈಸಿಕೊಳ್ಳದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿ, ಡಾಕ್ಟರೂ ಎತ್ತಲಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಪ್ರವಾಸದಲ್ಲಿ ಇನ್ನೂ ಒಂದು ಸೀಟು ತುಂಬಿಲ್ಲ. ಅದನ್ನು ಕಾರ್ಯದರ್ಶಿಗಳು ನಮ್ಮ ಮನೆಯವರಿಗೆಂದೇ ತಡೆದು ಹಿಡಿದಿದ್ದಾರೆ. ನಾನು ಹೋಗುವ ಹಾಗಿಲ್ಲ. ದೂರದ ವಿಮಾನ ನನಗೆ ಇನ್ನು ಬೇಡ ಎಂದು ಇಲ್ಲಿ ಕೂತಿರುವ ಡಾಕ್ಟರೇ ಹೇಳಿದ್ದಾರೆ. ನಮ್ಮ ಮನೆಯವರು ಹೋಗಬಹುದು, ಹೋಗಬೇಕು, ಆದರೆ ಹೋಗುವುದಿಲ್ಲ ಅನ್ನುತ್ತಾರೆ. "ನಿಮ್ಮನ್ನ ಬಿಟ್ಟು ನಾನೊಬ್ಳೇ ಮೆರೆಯೋಕೆ ಹೋಗ್ಲಾ? ಜನ ಏನಂತಾರೆ?" ಇದು ಒಂದೇ ಮಾತು. ಜನ ಇಲ್ಲೇ ಇದ್ದಾರೆ. ನೀವೇ ಹೇಳಿ, ಏನಾದರೂ ಅನ್ನುತ್ತೀರಾ? ಈ ಸಭೆ ಮುಗಿದ ಕೂಡಲೇ ಹೆಸರು ಕಳಿಸಬೇಕು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲಾಗುತ್ತದೆ. ಹಾಗಾಗಿ ನನ್ನ ಬುದ್ಧಿಮಾತು ನಿಮಗೆಲ್ಲರಿಗೂ ಹೌದು. ಆದರೆ ನಾನು ಆಗಾಗ ಮೂರನೆಯ ಸಾಲಿನ ಕಡೆ ನೋಡಿದರೆ ತಪ್ಪು ತಿಳಿಯಬೇಡಿ.

ಈಗ ವಿಷಯಕ್ಕೆ ಬರೋಣ.

ಮೊದಲನೆಯದು ಚಪ್ಪಲಿ, ಬೂಟಿನ ವಿಚಾರ. ದಯವಿಟ್ಟು ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಯುರೋಪ್ ಅಂದರೆ ನಡಿಗೆ. ಫೋಟೋದಲ್ಲಿ ಚೆಂದ ಕಾಣುವ ಬೀದಿಗಳೆಲ್ಲ ಉರುಟು ಕಲ್ಲು ಹಾಸಿದ ಬೀದಿಗಳು. ನಾಲ್ಕು ಹೆಜ್ಜೆ ಇಟ್ಟರೆ ಹೊಸ ಬೂಟು ನಿಮ್ಮ ಹಿಮ್ಮಡಿಯ ಸಿಪ್ಪೆ ಸುಲಿಯುತ್ತದೆ, ಆಮೇಲೆ ಅರಮನೆ ಎದುರಿಗೆ ನಿಂತರೂ ನಿಮ್ಮ ಕಣ್ಣು ಹುಡುಕುವುದು ಬೆಂಚನ್ನೇ. ನಮ್ಮ ಜತೆಗೆ ಬಂದಿದ್ದ ಎಕ್ಸ್‌ರೇ ವಿಭಾಗದ ಯಜಮಾನರು ಹೊಳೆಯುವ ಬೂಟು ಹಾಕಿ ಬಂದಿದ್ದರು. ಎರಡನೆಯ ದಿನ ಅವರು ಹೋಟೆಲಿನ ಬಟ್ಟೆಯ ಸ್ಲಿಪ್ಪರಿನಲ್ಲೇ ಚಿತ್ರಶಾಲೆ ನೋಡಿದರು. ಕಾವಲಿನವನು ಚಿತ್ರ ಬಿಟ್ಟು ಅವರ ಕಾಲನ್ನೇ ಕಾಯುತ್ತಿದ್ದ.

ಪೆಟ್ಟಿಗೆಯ ವಿಚಾರ. ಚಕ್ರ ಇದೆ, ಎಳೆದುಕೊಂಡು ಹೋದರಾಯಿತು ಎಂದು ಮನೆಯನ್ನೇ ತುಂಬಿಕೊಂಡು ಹೋಗಬೇಡಿ. ಆ ಕಲ್ಲಿನ ಬೀದಿಯಲ್ಲಿ ಚಕ್ರ ಉರುಳುವುದಿಲ್ಲ, ಕುಣಿಯುತ್ತದೆ. ಹೋಟೆಲಿಗೆ ಬಂದರೆ ಅಲ್ಲಿನ ಲಿಫ್ಟು ನಮ್ಮ ಬೇಕರಿಯ ಒಲೆಯ ಬಾಯಿಗಿಂತ ಚಿಕ್ಕದು. ಇಬ್ಬರು ನಿಂತರೆ ಪೆಟ್ಟಿಗೆ ಹೊರಗೆ. ಪೆಟ್ಟಿಗೆ ಇಟ್ಟರೆ ಹೆಂಡತಿ ಹೊರಗೆ. ನಾನು ಪೆಟ್ಟಿಗೆಯನ್ನು ಮೊದಲು ಕಳಿಸಿದೆ. ಆ ತಪ್ಪನ್ನು ನೀವು ಯಾರೂ ಮಾಡಬೇಡಿ. ಎಷ್ಟು ಭಾರ ಇರಬೇಕು ಎಂದರೆ, ನಿಮ್ಮ ಪೆಟ್ಟಿಗೆಯನ್ನು ನೀವೇ ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟು. ಆಗದಿದ್ದರೆ ಮನೆಯಲ್ಲೇ ಅರ್ಧ ತೆಗೆದಿಡಿ. ಬೆಚ್ಚಗಿನ ಅಂಗಿ ತೆಗೆಯಬೇಡಿ, ಒಡವೆ ತೆಗೆಯಿರಿ.

ಚಿಲ್ಲರೆ ಜೇಬಿನಲ್ಲಿರಲಿ. ಅಲ್ಲಿ ದೇವರ ದರ್ಶನ ಪುಕ್ಕಟೆ ಆಗಬಹುದು, ಶೌಚಾಲಯದ ದರ್ಶನ ಆಗುವುದಿಲ್ಲ. ಬಾಗಿಲಲ್ಲಿ ನಾಣ್ಯ ಹಾಕಿದರೇ ಕಂಬಿ ತಿರುಗುವುದು. ದೊಡ್ಡ ನೋಟು ಹಿಡಿದು ಅದರ ಮುಂದೆ ನಿಂತ ಮನುಷ್ಯನ ಸಂಕಟ ವೈರಿಗೂ ಬೇಡ. ಮತ್ತೆ, ರೈಲು. ಅಲ್ಲಿನ ರೈಲು ಹೇಳಿದ ಹೊತ್ತಿಗೆ ಹೊರಡುತ್ತದೆ. "ಒಂದು ನಿಮಿಷ ಇರಪ್ಪಾ, ಇವರು ಬರ್ತಿದಾರೆ" ಎಂದು ಬಾಗಿಲಲ್ಲಿ ಕಾಲು ಇಟ್ಟು ನಿಲ್ಲುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಇಲ್ಲ ಅನ್ನಿಸುತ್ತದೆ. ಕತ್ತಲಾಗಲಿ, ಆಮೇಲೆ ಊಟ ಮಾಡೋಣ ಎಂದು ಕಾದರೆ ಉಪವಾಸವೇ ಗತಿ.

ತಿನ್ನುವುದರ ಬಗ್ಗೆ ಬೇಕರಿಯವನನ್ನು ಕೇಳದೆ ಇನ್ನು ಯಾರನ್ನು ಕೇಳುತ್ತೀರಿ? ಅಲ್ಲಿನ ಬ್ರೆಡ್ಡು ಗಟ್ಟಿ. ಹಲ್ಲು ಕಟ್ಟಿಸಿಕೊಂಡವರು ಹುಷಾರಾಗಿರಿ. ನಮ್ಮ ಕಸುಬಿನಲ್ಲಿ ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ಅದನ್ನು ಮಗುಚಿ, ಬೆನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತೇವೆ. ಒಳಗೆ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದು ಲೆಕ್ಕ. ಮೊದಲ ಬೆಳಿಗ್ಗೆ ಹೋಟೆಲಿನ ತಿಂಡಿ ಮೇಜಿನಲ್ಲಿ ಕೈ ತಡೆಯದೆ ನಾನು ಒಂದೊಂದೇ ಬ್ರೆಡ್ಡನ್ನು ಎತ್ತಿ ಬೆನ್ನು ತಟ್ಟಿ ಕೇಳುತ್ತಾ ಹೋದೆ. ಬಡಿಸುವ ಹೆಂಗಸು ಸೊಂಟದ ಮೇಲೆ ಕೈ ಇಟ್ಟು ನೋಡುತ್ತಾ ನಿಂತಳು. ನಮ್ಮ ಮನೆಯವರು ನನ್ನ ಮೊಣಕೈ ಜಗ್ಗಿ, "ರೀ, ಮಗುವಿಗೆ ತೇಗು ಬರ್ಸೋ ಹಾಗೆ ಅದೇನು ತಟ್ತಾ ಇದೀರಿ, ಮರ್ಯಾದೆ ಹೋಗುತ್ತೆ" ಎಂದರು.

ಮರ್ಯಾದೆಯ ಮಾತು ಬಂತಲ್ಲ. ಹೇಳಲೋ ಬೇಡವೋ? ಹೇಳಬಾರದು ಎಂದು ಮೂರನೆಯ ಸಾಲಿನಿಂದ ಸನ್ನೆಯಾಗುತ್ತಿದೆ. ಆದರೆ ಇದು ನಿಮಗೆ ಉಪಯೋಗಕ್ಕೆ ಬರುವ ಮಾತು, ಹಾಗಾಗಿ ಹೇಳಲೇಬೇಕು.

ಹೋಟೆಲಿನಲ್ಲಿ ನಿಮ್ಮ ಹಾಸಿಗೆಯನ್ನು ನೀವು ಮುಟ್ಟಬೇಡಿ. ನಿಮ್ಮ ಲಾಂಡ್ರಿಯ ರೂಢಿ ನಿಮಗೆ ಗೊತ್ತೇ ಇದೆ. ರೋಗಿ ಮನೆಗೆ ಹೋದ ಮೇಲೆ ಹೊದಿಕೆ, ದಿಂಬಿನ ಚೀಲ ಎಲ್ಲ ತೆಗೆದು, ಮಡಚಿ, ಬಾಗಿಲ ಪಕ್ಕ ಇಡಬೇಕು. ಎರಡನೆಯ ದಿನ ನಮ್ಮ ಮನೆಯವರು ಎದ್ದವರೇ ಮಂಚವನ್ನು ಬೋಳು ಮಾಡಿದರು. ಹೊದಿಕೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ಬಾಗಿಲಲ್ಲಿ ಇಟ್ಟರು. ನಮ್ಮ ಪೆಟ್ಟಿಗೆಗಳನ್ನೂ ಕಣ್ಣಿಗೆ ಬೀಳದ ಹಾಗೆ ಕಪಾಟಿನೊಳಗೆ ಸೇರಿಸಿದರು. "ಪಾಪ, ಕೆಲ್ಸದವಳಿಗೆ ಸ್ವಲ್ಪ ಹಗುರ ಆಗ್ಲಿ" ಎಂದರು. ಆ ಕೆಲಸದವಳು ಬಂದು ನೋಡಿದಳು. ಬೋಳು ಮಂಚ, ಖಾಲಿ ಕೋಣೆ. ಇವರು ಬಿಟ್ಟು ಹೋಗಿದ್ದಾರೆ ಎಂದು ಕೆಳಗೆ ಹೇಳಿದಳು. ಕೆಳಗಿನವರು ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟರು. ಸಂಜೆ ನಾವು ಸುಸ್ತಾಗಿ ಬಂದು ಬೀಗ ತೆಗೆದರೆ ಒಳಗೆ ಆರಡಿ ಎತ್ತರದ ಒಬ್ಬ ಮನುಷ್ಯ ಟವೆಲು ಸುತ್ತಿಕೊಂಡು ತಲೆ ಒರೆಸಿಕೊಳ್ಳುತ್ತಿದ್ದಾನೆ! ನಾನು "ಅಯ್ಯಯ್ಯೋ" ಎಂದೆ. ಅವನೂ ಅವನ ಭಾಷೆಯಲ್ಲಿ ಅದನ್ನೇ ಅಂದ. ನಮ್ಮ ಮನೆಯವರು ಅವನನ್ನು ನೋಡಲೇ ಇಲ್ಲ. ಅವನ ಬೆನ್ನ ಹಿಂದೆ ಹೊಸದಾಗಿ ಹಾಸಿದ ಮಂಚವನ್ನು ನೋಡಿ, "ಮೂಲೆ ಸರಿಯಾಗಿ ಮಡಚಿಲ್ಲ" ಎಂದರು.

ನಗಿ, ನಗಿ. ಅವರೂ ನಗುತ್ತಿದ್ದಾರೆ. ನನಗೆ ಬೇಕಾದದ್ದೂ ಅದೇ.

ಇನ್ನು ನಿದ್ದೆ. ಇಷ್ಟು ದೂರ ಹಾರಿದರೆ ಹಗಲು ರಾತ್ರಿ ಅದಲುಬದಲಾಗುತ್ತದೆ, ತಲೆ ಗಿರ್ರೆನ್ನುತ್ತದೆ. ಇಳಿದ ದಿನ ಮಧ್ಯಾಹ್ನ ಎಷ್ಟೇ ತೂಕಡಿಕೆ ಬಂದರೂ ಮಲಗಬೇಡಿ. ಬಿಸಿಲಿನಲ್ಲಿ ಓಡಾಡಿ, ಅಲ್ಲಿನ ಸಂಜೆಗೆ ಉಂಡು ಮಲಗಿ. ಈ ವಿಷಯದಲ್ಲಿ ನಾನು ಪಂಡಿತ. ವಿಮಾನ ಹತ್ತದೆಯೇ ಜೀವಮಾನವೆಲ್ಲ ಹೊತ್ತು ತಪ್ಪಿ ಬದುಕಿದವನು. ಬೇಕರಿಯವನಿಗೆ ರಾತ್ರಿ ಪಾಳಿ, ಲಾಂಡ್ರಿಯವರಿಗೆ ಹಗಲು ಪಾಳಿ. ನಾನು ಮನೆಗೆ ಬರುವ ಹೊತ್ತಿಗೆ ಅವರು ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿರುತ್ತಿದ್ದರು. ಅಲ್ಲೇ ನಿಂತ ನಿಲುವಿನಲ್ಲೇ ನಮ್ಮ ಸಂಸಾರ. "ಮಗಳ ಜ್ವರ ಇಳಿದಿದೆ. ಹಾಲು ಕಾಯ್ಸಿದೀನಿ. ನಲ್ಲಿ ಸೋರ್ತಿದೆ, ನೋಡಿ." ಸಂಜೆ ಅವರು ಬರುವಾಗ ನಾನು ಬಾಗಿಲಲ್ಲಿ. "ನಲ್ಲಿ ಸರಿ ಮಾಡ್ದೆ. ಮಗಳು ಊಟ ಮಾಡಿದಾಳೆ. ನಾನು ಬರ್ಲಾ?" ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ ದೊಡ್ಡವರು. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿದ್ದರೆ ಜಗಳ ಮುಗಿಯುವುದು ಯಾವಾಗ? ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಸಲೀಸಾಗಿ ಒಂದು ವಾರ ಎಳೆಯುತ್ತಿತ್ತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಡಾಕ್ಟರ ಎದುರಿಗೇ ಹೇಳುತ್ತಿದ್ದೇನೆ, ತಪ್ಪಿದ್ದರೆ ತಿದ್ದಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ವಿಮಾನದಲ್ಲಿ ಹಾಸಿಗೆಯೂ ಇಲ್ಲ, ಚಾಚಲು ಜಾಗವೂ ಇಲ್ಲ. ಮಡಚಿದ ಕಾಲು ಮಡಚಿದ ಹಾಗೇ ಇದ್ದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ನನಗೆ ಆದದ್ದು ಅದೇ. ಅಲ್ಲಿ ಇಳಿದ ಮೂರನೆಯ ದಿನಕ್ಕೆ ನನ್ನ ಎಡಗಾಲು ಹಿಟ್ಟು ಉಬ್ಬಿದ ಹಾಗೆ ಉಬ್ಬಿತು. ಅಲ್ಲಿನ ಆಸ್ಪತ್ರೆಯವರು ಸೂಜಿ ಚುಚ್ಚಿ, ಕೋಣೆಯಿಂದ ಕದಲಬೇಡಿ ಎಂದು ಕಳಿಸಿದರು. ಮಾರನೆಯ ದಿನವೇ ಗುಂಪು ಹಿಮದ ಬೆಟ್ಟಕ್ಕೆ ಹೊರಟಿತ್ತು.

ಆ ಬೆಟ್ಟಕ್ಕಾಗಿಯೇ ನಮ್ಮ ಮನೆಯವರು ಈ ಪ್ರವಾಸಕ್ಕೆ ಒಪ್ಪಿದ್ದು. ಅರಮನೆ ಬೇಡ, ಗೋಪುರ ಬೇಡ. "ಜೀವಮಾನವೆಲ್ಲ ಬಿಳಿ ಬಟ್ಟೆ ಬಿಳಿ ಮಾಡೋದ್ರಲ್ಲೇ ಹೋಯ್ತು. ಯಾರೂ ಒಗೀದೇ ಅಷ್ಟು ಬೆಳ್ಳಗಿರೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು" ಎನ್ನುತ್ತಿದ್ದರು. ನಾನು ಹೋಗು ಎಂದೆ, ಗುಂಪಿನವರು ಬನ್ನಿ ಎಂದರು. ಹೋಗಲಿಲ್ಲ. ನನ್ನ ಕಾಲ ಕೆಳಗೆ ದಿಂಬು ಇಟ್ಟು, ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತರು. ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಕಣ್ಣು ತುಂಬಿಕೊಂಡಾಗ, "ಇರ್ಲಿ ಬಿಡ್ರಿ, ಇದೂ ಯುರೋಪೇ ಅಲ್ವಾ?" ಎಂದರು.

ಹಾಗಾಗಿ ಸಭಿಕರೇ, ವಿಮಾನದಲ್ಲಿ ಆಗಾಗ ಏಳಿ. ನೀರು ಕುಡಿಯಿರಿ. ಏಳಿ, ನಡೆಯಿರಿ, ಬನ್ನಿ, ಕೂರಿ, ಮತ್ತೆ ಏಳಿ. ಪಕ್ಕದವರಿಗೆ ತೊಂದರೆ ಎಂದು ಸಂಕೋಚಪಡಬೇಡಿ. ಅವರು ಮಲಗಿದ್ದರೆ ಎಬ್ಬಿಸಿ. ನಿಮ್ಮ ಭುಜದ ಮೇಲೆ ತಲೆ ಇಟ್ಟು ಮಲಗಿದ್ದರೂ ಸರಿಯೇ, ಪಾಪ, ಎಷ್ಟು ವರ್ಷಕ್ಕೆ ಹೀಗೆ ಮಲಗಿದ್ದಾಳೆ, ನಾನು ಅಲ್ಲಾಡಿದರೆ ಎದ್ದುಬಿಡುತ್ತಾಳೆ ಎಂದು ನನ್ನ ಹಾಗೆ ಉಸಿರು ಹಿಡಿದು ಇಡೀ ದಾರಿ ಕೂರಬೇಡಿ...

ಥೂ. ನೋಡಿ, ಹೇಳಿಬಿಟ್ಟೆ.

ಇದನ್ನು ಹೇಳಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರಿಗೆ ಗೊತ್ತಿರಲಿಲ್ಲ. "ಅಷ್ಟು ಸಲ ಹೇಳಿದ್ರಲ್ಲ ವಿಮಾನದವರು, ಯಾಕ್ರೀ ಎದ್ದು ಓಡಾಡ್ಲಿಲ್ಲ?" ಎಂದು ಅವರು ಕೇಳಿದಾಗ ನಾನು ಸಿನಿಮಾ ನೋಡುತ್ತಾ ಮರೆತೆ ಎಂದಿದ್ದೆ. ಡಾಕ್ಟರಿಗೂ ಅದನ್ನೇ ಹೇಳಿದ್ದೆ. ಒಂದು ವರ್ಷದಿಂದ ಮನೆಯಲ್ಲಿ ಆ ಸಿನಿಮಾಕ್ಕೆ ಶಾಪ ಬೀಳುತ್ತಿದೆ. ಯಾವ ಸಿನಿಮಾನೂ ಇಲ್ಲ. ಮುಂದಿನ ಪರದೆಯಲ್ಲಿ ಏನು ಓಡುತ್ತಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಸಭೆಯಲ್ಲಿ ಹೆಂಡತಿಯನ್ನು 'ಅವರು' ಎನ್ನಬೇಕೆಂದು ಮಗಳು ಹೇಳಿ ಕಳಿಸಿದ್ದಳು. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ. ಅವಳು ಮಲಗಿದ್ದನ್ನು ನಾನು ನೆಟ್ಟಗೆ ನೋಡಿಯೇ ಇರಲಿಲ್ಲ ಸ್ವಾಮಿ. ನಾನು ಮನೆಗೆ ಬರುವಾಗ ಅವಳು ಎದ್ದಾಗಿರುತ್ತಿತ್ತು. ರಜೆಯ ದಿನವೂ ನನಗೆ ಹಗಲು ನಿದ್ದೆ, ನಾನು ಏಳುವ ಹೊತ್ತಿಗೆ ಅವಳ ಕೈಯಲ್ಲಿ ಏನೋ ಒಂದು ಕೆಲಸ. ಬೇಕರಿ ಬಿಟ್ಟ ಮೇಲೂ ನನ್ನ ಶರೀರ ರಾತ್ರಿ ಪಾಳಿ ಬಿಡಲಿಲ್ಲ. ಅವಳಿಗೆ ತೊಂದರೆಯಾಗಬಾರದೆಂದು ಹೊರಗಿನ ಕೋಣೆಯಲ್ಲೇ ಇರುತ್ತಿದ್ದೆ. ವಿಮಾನದಲ್ಲಿ ಊಟದ ತಟ್ಟೆ ತೆಗೆದುಕೊಂಡು ಹೋದರು, ಅವಳ ತಲೆ ಹಾಗೇ ವಾಲಿ ನನ್ನ ಭುಜಕ್ಕೆ ಬಂತು. ಕೆಲಸಕ್ಕೆ ಹೊರಟಾಗಲೂ, ಬಂದಾಗಲೂ ಯಾವಾಗಲೂ ಗಂಟು ಹಾಕಿಕೊಂಡಿರುತ್ತಿದ್ದ ಹುಬ್ಬು ಬಿಚ್ಚಿಕೊಂಡಿತ್ತು. ಬಾಯಿ ಒಂದಿಷ್ಟು ತೆರೆದಿತ್ತು. ಸೋಪಿನ ನೀರಿನಲ್ಲಿ ಸುಲಿದುಹೋದ ಬೆರಳುಗಳು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದವು. ಇವಳು ಮಲಗಿದರೆ ಹೀಗೆ ಕಾಣುತ್ತಾಳೆ ಎಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ನೀವೇ ಹೇಳಿ, ಯಾವ ಗಂಡಸು ಎದ್ದು ಓಡಾಡುತ್ತಾನೆ? ಕಾಲು ಜುಮ್ಮೆಂದಿತು, ಆಮೇಲೆ ಮರಗಟ್ಟಿತು. ಮರಗಟ್ಟಲಿ ಎಂದುಕೊಂಡೆ.

ಡಾಕ್ಟರು ತಲೆ ಅಲ್ಲಾಡಿಸುತ್ತಿದ್ದಾರೆ. ನಿಮ್ಮ ಶಾಸ್ತ್ರದ ಪ್ರಕಾರ ನಾನು ಮಾಡಿದ್ದು ಮೂರ್ಖತನ, ಒಪ್ಪುತ್ತೇನೆ. ಸಭಿಕರು ಯಾರೂ ಹೀಗೆ ಮಾಡಬೇಡಿ.

ಲೇ, ಅಳಬೇಡ. ಮೈಕಿನಲ್ಲಿ ಹೀಗೆಲ್ಲ ಮಾತಾಡಬಾರದು, ಗೊತ್ತು. ಸಭಿಕರು ಒಂದು ಗಳಿಗೆ ಕಿವಿ ಮುಚ್ಚಿಕೊಳ್ಳಲಿ. ನಿನ್ನಿಂದ ನನ್ನ ಕಾಲು ಹಾಳಾಯ್ತು ಅಂತ ಈಗ ಹೊಸದಾಗಿ ಒಂದು ಕೊರಗು ಹಚ್ಕೋಬೇಡ. ಈ ಮಾತನ್ನ ಒಂದು ವರ್ಷ ಬಚ್ಚಿಟ್ಟಿದ್ದೇ ಅದಕ್ಕೆ. ನಿನ್ನ ತಪ್ಪು ಏನೂ ಇಲ್ಲ. ನೀನು ಮಲಗಿದ್ದೆ, ಅಷ್ಟೇ. ನಂಗೆ ಆ ದಾರಿ ಸಾಕಾಗಲಿಲ್ಲ, ವಿಮಾನ ಇನ್ನೂ ಸ್ವಲ್ಪ ದೂರ ಹೋಗಬಾರದಾ ಅನ್ನಿಸ್ತು. ಯುರೋಪಿನಲ್ಲಿ ನಾನು ನೋಡಬೇಕಾದ್ದು ಯುರೋಪು ಬರೋ ಮೊದಲೇ ನೋಡಿ ಆಯ್ತು. ನೀನು ನೋಡಬೇಕಾದ್ದು ಬಾಕಿ ಇದೆ. ಲೋಕದಲ್ಲಿ ಬೇರೆಯವರು ಜತೆಯಾಗಿ ಹೋಗ್ತಾರೆ, ಬರ್ತಾರೆ. ನಾವಿಬ್ರೂ ಪಾಳಿಯಲ್ಲಿ ಬದುಕಿದವರು ಕಣೇ. ನನ್ನ ಪಾಳಿ ಮುಗೀತು. ಈಗ ನಿಂದು. ಹೋಗು, ಆ ಬೆಟ್ಟ ನೋಡ್ಕೊಂಡು ಬಾ. ಬಂದು ಬಾಗಿಲಲ್ಲಿ ನಿಂತು ಹೇಗಿತ್ತು ಅಂತ ಹೇಳು. ನಾವು ಒಬ್ಬರಿಗೊಬ್ಬರು ಎಲ್ಲಾನೂ ಹಾಗೇ ಅಲ್ವಾ ಹೇಳ್ಕೊಂಡಿದ್ದು?

ಎದ್ದಳು. ಕ್ಷಮಿಸಬೇಕು ಅಧ್ಯಕ್ಷರೇ, ಒಂದು ನಿಮಿಷ. ಎದ್ದು ಹೊರಟೇಬಿಟ್ಟಳು. ಕೆಟ್ಟೆನಲ್ಲ, ಬಾಗಿಲ ಕಡೆಗೇ ಹೋಗುತ್ತಿದ್ದಾಳೆ. ಯಾರಾದರೂ ಸ್ವಲ್ಪ ಕರೆಯಿರಿ... ಇಲ್ಲ, ಇಲ್ಲ, ಕಾರ್ಯದರ್ಶಿಗಳ ಹತ್ತಿರ ನಿಂತಳು. ಏನೋ ಹೇಳುತ್ತಿದ್ದಾಳೆ. ಕಾರ್ಯದರ್ಶಿಗಳೇ, ಏನಂತೆ? ಅವರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾರೆ. ಹೋಗುತ್ತಾಳಂತೆ! ಸಭಿಕರೇ, ಹೋಗುತ್ತಾಳಂತೆ! ಚಪ್ಪಾಳೆ ಹೊಡೆಯಿರಿ, ಜೋರಾಗಿ ಹೊಡೆಯಿರಿ, ಅವಳು ಮನಸ್ಸು ಬದಲಾಯಿಸುವ ಮೊದಲು ಹೆಸರು ಕಳಿಸಿಬಿಡಿ. ನನ್ನ ಕಡೆ ನೋಡಿ ತೋರುಬೆರಳು ಆಡಿಸುತ್ತಿದ್ದಾಳೆ, ನೋಡಿದಿರಾ? ಮನೆಗೆ ಬನ್ನಿ, ವಿಚಾರಿಸಿಕೊಳ್ಳುತ್ತೇನೆ ಎಂದು ಅದರ ಅರ್ಥ. ಆಗಲಿ ತಾಯಿ, ವಿಚಾರಿಸಿಕೋ.

ನಾನು ಗೆದ್ದೆ. ಇವತ್ತು ಈ ವೇದಿಕೆ ಹತ್ತಿದ್ದು ಇದಕ್ಕೇ, ಬೇರೆ ಯಾವುದಕ್ಕೂ ಅಲ್ಲ. ಈಗ ಇನ್ನೂ ಒಂದೆರಡು ತಮಾಷೆಯ ಮಾತು ಹೇಳಿ ಮುಗಿಸಬೇಕು ಎಂದುಕೊಂಡಿದ್ದೆ. ಆದರೆ ಯಾಕೋ ಒಂದೂ ನೆನಪಿಗೆ ಬರುತ್ತಿಲ್ಲ. ಅವಳನ್ನು ಹೊರಡಿಸುವುದು ಹೇಗೆ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಹೊರಟ ಮೇಲೆ ಆ ಮನೆಯಲ್ಲಿ ನಾನೊಬ್ಬನೇ ಇರುವುದು ಹೇಗೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ದೂರ ಹೋಗುವವರಿಗೆ ಇಷ್ಟು ಹೊತ್ತು ಬುದ್ಧಿ ಹೇಳಿದೆ. ಮನೆಯಲ್ಲಿ ಉಳಿಯುವವರು ಏನು ಮಾಡಬೇಕು ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಚಹಾ ಕುಡಿಯುವಾಗ ಸ್ವಲ್ಪ ನನ್ನ ಹತ್ತಿರ ಬಂದು ಹೇಳಿ.

ಇಷ್ಟೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಹೋಗಿ ಬನ್ನಿ, ಅವಳನ್ನು ಜೋಪಾನವಾಗಿ ಕರೆದುಕೊಂಡು ಬನ್ನಿ. ನಮಸ್ಕಾರ.